ಸೋರೆಪಾ ಗೋದಾಮಿನ ಅಕ್ಕಿ

ತಬಿತಾ ಕಚೇರಿಯೊಳಗೆ ಕಾಲಿಟ್ಟಾಗ ಹ್ಯಾರಿಸನ್ ಊಟ ಮಾಡುತ್ತಿದ್ದ. ಬಾಯಲ್ಲಿ ತುತ್ತಿದ್ದುದರಿಂದ ಕುರ್ಚಿಯತ್ತ ಕೈ ತೋರಿಸಿದ. ಅವಳು ಕೂರಲಿಲ್ಲ. ಎರಡು ಗಂಟೆ ಮೋಟಾರು ದೋಣಿಯಲ್ಲಿ ಕೂತು ಸೊಂಟ ಹಿಡಿದುಕೊಂಡಿತ್ತು. ಲಂಗದ ಅಂಚು ಉಪ್ಪುನೀರಿನಲ್ಲಿ ನೆನೆದು ಕಾಲಿಗೆ ಅಂಟಿತ್ತು.

"ಪಟ್ಟಿ ತಂದ್ರಾ ಚಿಕ್ಕಮ್ಮಾ?"

"ಇಲ್ಲ."

"ಮತ್ಯಾಕೆ ಬಂದ್ರಿ, ಪೆಟ್ರೋಲು ಸುಟ್ಕೊಂಡು?"

ಅವಳು ಬಂದದ್ದು ಇದು ಮೂರನೆಯ ಸಲ. ಜಲಸಂಧಿಯ ಆಚೆ, ಪಕ್ಕದ ದೇಶದ ಬೂಗನ್‌ವಿಲ್ ದ್ವೀಪದಲ್ಲಿ ಸೈನಿಕರಿಗೂ ಬಂಡಾಯದವರಿಗೂ ಕಾಳಗ ಜೋರಾದ ಮೇಲೆ, ಏಳು ತಿಂಗಳ ಹಿಂದೆ, ಅವಳ ಊರಾದ ಲೋಕೆಲೆಯ ದಂಡೆಗೆ ಮೊದಲ ದೋಣಿ ಬಂದಿತ್ತು. ಅದರಲ್ಲಿ ಹನ್ನೊಂದು ಜನ. ಈಗ ತೊಂಬತ್ತನಾಲ್ಕು. ಲೋಕೆಲೆಯಲ್ಲಿ ಇರುವುದೇ ಮೂವತ್ತು ಮನೆ. ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆಯಾದ ತಬಿತಾ ಮನೆಮನೆ ತಿರುಗಿ, ವಾರಕ್ಕೆರಡು ಬಾರಿ ಒಂದೊಂದು ಬುಟ್ಟಿ ಗೆಣಸು ಎಂದು ಗೊತ್ತುಮಾಡಿದ್ದಳು. ಯಾರೂ ಇಲ್ಲ ಅನ್ನಲಿಲ್ಲ. ಆದರೆ ಈಗ ತೋಟಗಳಲ್ಲಿ ಬೆರಳುಗಾತ್ರದ ಗೆಣಸನ್ನೇ ಕಿತ್ತು ಬೇಯಿಸುವ ಹಾಗಾಗಿತ್ತು. ಹೊರದೇಶದ ಚರ್ಚಿನ ಹೆಂಗಸರು ನಲವತ್ತು ಚೀಲ ಅಕ್ಕಿ ಕಳಿಸಿದರು. ಪ್ರತಿ ಚೀಲದ ಮೇಲೂ ನೀಲಿ ಬಣ್ಣದಲ್ಲಿ ಲೋಕೆಲೆಯ ಸಂಘದ ಹೆಸರು. ಆದರೆ ಹಡಗು ನಿಲ್ಲುವ ಧಕ್ಕೆ ಇದ್ದದ್ದು ಸೋರೆಪಾದಲ್ಲಿ ಮಾತ್ರ. ಅಲ್ಲಿನ ಸರ್ಕಾರಿ ಅಧಿಕಾರಿ ಹ್ಯಾರಿಸನ್, ಇಳಿದ ಅಕ್ಕಿಯನ್ನು ಗೋದಾಮಿಗೆ ಹಾಕಿ ಬೀಗ ಜಡಿದ. ಪಟ್ಟಿ ಕೊಟ್ಟರೆ ಅಕ್ಕಿ ಎಂದ. ಬಂದವರ ಹೆಸರು, ಹುಟ್ಟೂರು, ಗಂಡ ಎಲ್ಲಿ, ಅಣ್ಣತಮ್ಮಂದಿರು ಎಲ್ಲಿ.

ಲೋಕೆಲೆಯಲ್ಲಿ ಅದನ್ನು ಕೇಳಿ ಲುಡ್ವಿನಾ ಎಂಬ ಹೆಂಗಸು, ಬಂದವರಿಗೆಂದು ಹಾಕಿದ್ದ ಚಪ್ಪರದ ಕೆಳಗಿಂದ ಎದ್ದು ಬಂದಿದ್ದಳು. ಎರಡು ಮಕ್ಕಳನ್ನೂ ಮುದಿ ತಾಯಿಯನ್ನೂ ಕರೆದುಕೊಂಡು ನೀರು ದಾಟಿದವಳು. "ಹೆಸರು ಕೊಡ್ಬೇಡಿ ಅಕ್ಕಾ. ನನ್ನ ಗಂಡ ಬೆಟ್ಟದಲ್ಲಿ ಬಂಡಾಯದವರ ಜೊತೆ ಇದಾನೆ. ಅತ್ತೆ ಮಾವ ಇನ್ನೂ ಊರಲ್ಲೇ ಇದಾರೆ, ಸೈನಿಕರ ಕಣ್ಣೆದುರಿಗೇ. ನಾವೇನು, ಗೆಣಸಿನ ಸೊಪ್ಪು ತಿಂದ್ಕೊಂಡಾದ್ರೂ ಇರ್ತೀವಿ."

ಚಪ್ಪರದ ಕೆಳಗಿದ್ದ ಮಿಕ್ಕವರೂ ಹೌದೆಂದು ತಲೆಯಾಡಿಸಿದ್ದರು.

"ಪಟ್ಟಿ ಯಾರ ಕೈಗೆ ಹೋಗುತ್ತೆ ಹ್ಯಾರಿ?" ತಬಿತಾ ಈಗ ಕೇಳಿದಳು.

"ಮೇಲಕ್ಕೆ."

"ಅಲ್ಲಿಂದ?"

"ಅದು ನನಗ್ಯಾಕೆ? ಇನ್ನೊಂದು ವಿಷಯ. ಅವರನ್ನ ನಿರಾಶ್ರಿತರು ಅಂತ ಎಲ್ಲೂ ಬರೀಬೇಡಿ. ಪಕ್ಕದ ಸರ್ಕಾರಕ್ಕೆ ಬೇಜಾರಾಗುತ್ತೆ. ಅತಿಥಿಗಳು ಅಂತ ಬರೀರಿ."

"ಅತಿಥಿಗಳಾ! ಬೆನ್ನಲ್ಲಿ ಗುಂಡಿನ ಚೂರು ಇಟ್ಕೊಂಡು ಯಾವ ಅತಿಥಿ ಬರ್ತಾನಪ್ಪ ಮನೆಗೆ?"

ಹ್ಯಾರಿಸನ್ ಇನ್ನೊಂದು ತುತ್ತು ಕಲಸಿದ. ಆಗ ಅವಳ ಕಣ್ಣು ತಟ್ಟೆಯ ಮೇಲೆ ಬಿತ್ತು. ಬಿಳಿಯ ಅನ್ನ, ಮೇಲೆ ಡಬ್ಬಿ ಮೀನು. ಸೋರೆಪಾದ ಅಂಗಡಿಯಲ್ಲಿ ಅಕ್ಕಿ ಮುಗಿದು ಐದು ವಾರವಾಗಿತ್ತು. ಈಗ ಬರುವಾಗಲೂ ಅವಳು ಕೇಳಿದ್ದಳು. ಅಂಗಡಿಯವನು ನಕ್ಕು ಕೈಯಾಡಿಸಿದ್ದ.

"ಈ ಅನ್ನ ಎಲ್ಲಿದು?"

ಅವನ ಕೈ ನಿಂತಿತು. "ಒಂದು ಚೀಲ ಇಲಿ ಹರಿದಿತ್ತು. ಸುಮ್ನೆ ಚೆಲ್ಲಿ ಹಾಳಾಗೋದು ಬೇಡ ಅಂತ..."

ಅವತ್ತು ಬೆಳಿಗ್ಗೆ ಲುಡ್ವಿನಾಳ ಕಿರಿ ಮಗಳು ಹಂದಿಗೆ ಹಾಕಿದ್ದ ಗೆಣಸಿನ ಸಿಪ್ಪೆಯನ್ನು ಆರಿಸಿ ತಿನ್ನುತ್ತಿದ್ದುದನ್ನು ತಬಿತಾ ನೋಡಿದ್ದಳು. ಯಾರಾದರೂ ಕಂಡಾರೆಂದು ಮಗು ಬೆನ್ನು ತಿರುಗಿಸಿ ಕೂತಿತ್ತು. ಅದು ನೆನಪಾದದ್ದೇ ತಬಿತಾಳ ಮೈಯೆಲ್ಲ ಉರಿದುಹೋಯಿತು.

"ಆ ಇಲಿಗಳ ಹೆಸರು ಯಾವ ಪಟ್ಟೀಲಿ ಬರ್ದಿದೀಯೋ? ಹುಟ್ಟೂರು ಕೇಳಿದ್ಯಾ? ಅಣ್ಣತಮ್ಮಂದಿರು ಎಲ್ಲಿದಾರೆ ಅಂತ ಕೇಳಿದ್ಯಾ?"

"ಚಿಕ್ಕಮ್ಮಾ, ನಾಲಿಗೆ ಬಿಗಿ ಇರ್ಲಿ. ಇದು ಕಚೇರಿ."

ಅವಳು ಹೊರಗೆ ಬಂದಳು. ಜೊತೆಗೆ ಬಂದಿದ್ದ ಐವರು ಹೆಂಗಸರು ಧಕ್ಕೆಯ ಬಳಿ ಮರದ ನೆರಳಲ್ಲಿ ಕೂತಿದ್ದರು. "ಏಳ್ರೇ," ಅಂದಳು. "ಚೀಲ ಹೊರೋದಿದೆ."

ಗೋದಾಮಿನ ಬಾಗಿಲಲ್ಲಿ ಸೋರೆಪಾಗೆಲ್ಲ ಒಬ್ಬನೇ ಪೊಲೀಸಾದ ಮಟಾಯಾ ನಿಂತಿದ್ದ. ತಬಿತಾಳ ಕೈಯಲ್ಲಿದ್ದ ಕಲ್ಲು ನೋಡಿ ಅವನ ಮುಖ ಸಣ್ಣಗಾಯಿತು. "ಬೀಗ ಒಡೆಯೋದು ತಪ್ಪು ಅಮ್ಮ."

"ತಪ್ಪಾದ್ರೆ ಹಿಡಿ. ಬರ್ಕೋ. ತಬಿತಾ. ಊರು ಲೋಕೆಲೆ. ಗಂಡ ಸತ್ತು ಒಂಬತ್ತು ವರ್ಷ. ಅಣ್ಣ ಒಬ್ಬ, ಮೀನಿಗೆ ಹೋಗಿದಾನೆ. ಇನ್ನೇನು ಬೇಕು?"

ಮಟಾಯಾ ಕಚೇರಿಯ ಕಡೆ ನೋಡಿದ. ಹ್ಯಾರಿಸನ್ ಎಂಜಲುಗೈಯಲ್ಲೇ ಬಾಗಿಲಿಗೆ ಬಂದು ಕೂಗುತ್ತಿದ್ದ. ಮಟಾಯಾ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. "ನಂದೀಗ ಊಟದ ಹೊತ್ತು," ಎಂದು ದಂಡೆಯ ಕಡೆ ನಡೆದುಬಿಟ್ಟ.

ನಾಲ್ಕನೆಯ ಏಟಿಗೆ ಬೀಗ ಮುರಿದು ಕೆಳಗೆ ಬಿತ್ತು. ಒಳಗಿನಿಂದ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಚೀಲಗಳು ನಲವತ್ತಿರಲಿಲ್ಲ, ಇಪ್ಪತ್ತೊಂಬತ್ತಿದ್ದವು. ಸೂರು ಸೋರಿ ಕೆಳಗಿನವು ಕಪ್ಪಾಗಿದ್ದವು. ತಬಿತಾ ಒಂದು ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಹಾಕಿದಳು. ಕೊಳೆತು ಬಿಸಿಯೇರಿದ ಅಕ್ಕಿಯ ಮುದ್ದೆ ಕೈಗೆ ಸಿಕ್ಕಿತು.

"ಕೊಳೆಸೋಕೆ ಮನಸ್ಸು ಬಂತು ನಿನಗೆ," ಎಂದಳು ತಿರುಗದೆ. "ಕೊಡೋಕೆ ಬರ್ಲಿಲ್ಲ."

ಹಿಂದೆ ಬಂದು ನಿಂತಿದ್ದ ಹ್ಯಾರಿಸನ್ನನ ದನಿ ಇಳಿದಿತ್ತು. "ನನ್ನ ಕೆಲಸ ಹೋಗುತ್ತೆ ಚಿಕ್ಕಮ್ಮಾ."

"ಹೋದ್ರೆ ಲೋಕೆಲೆಗೆ ಬಾ. ಗೆಣಸು ಕೊಡ್ತೀವಿ. ಪಟ್ಟಿ ಕೇಳಲ್ಲ."

ಹೆಂಗಸರು ಚೀಲ ಹೊತ್ತರು. ಚೀಲಗಳಲ್ಲಿ ಅರ್ಧ ಏರಿಸುವಷ್ಟರಲ್ಲೇ ಅವರಿಗಿದ್ದ ಒಂದೇ ದೋಣಿ ತುಂಬಿ ಅಂಚು ನೀರಿಗೆ ತಾಗಿತು. ಆಗ ಅಂಗಡಿಯವನು, ಯಾರೂ ಕರೆಯದೆ, ತನ್ನ ದೋಣಿಯನ್ನು ಪಕ್ಕಕ್ಕೆ ತಂದು ಕಟ್ಟಿದ. ತೀರಾ ಕೆಟ್ಟ ಆರು ಚೀಲಗಳನ್ನು ಅಲ್ಲೇ ಬಿಟ್ಟರು.

ಬೀಗ ಒಡೆದದ್ದಕ್ಕೆ ಕೋರ್ಟಿಗೆ ಕರೆ ಬಂದೇ ಬರುತ್ತದೆಂದು ಲೋಕೆಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಮರುದಿನ ಮೊದಲ ಹಂಡೆ ಒಲೆಗೇರಿತು. ಒದ್ದೆಯಾದ ಅಕ್ಕಿಯನ್ನು ಚರ್ಚಿನ ಮುಂದೆ ಚಾಪೆಗಳ ಮೇಲೆ ಹರಡಿ, ಊರಿನವರೂ ಬಂದವರೂ ಸುತ್ತ ಕೂತು ಕಪ್ಪು ಕಾಳು ಆರಿಸತೊಡಗಿದರು. ಲುಡ್ವಿನಾಳ ತಾಯಿ ಕೋಲು ಹಿಡಿದು ಕೋಳಿ ಅಟ್ಟುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಜಲಸಂಧಿಯ ಮೇಲಿಂದ ಮೋಡ ಕವಿದು ಬಂತು. ಒಂದು ಹನಿ ಬಿದ್ದದ್ದೇ ಎಲ್ಲರೂ ಎದ್ದರು. ಒಂದು ಚಾಪೆಯ ಒಂದು ಮೂಲೆ ತಬಿತಾಳ ಕೈಗೆ ಬಂತು, ಇನ್ನೊಂದು ಲುಡ್ವಿನಾಳ ಕೈಗೆ. ಮಿಕ್ಕೆರಡನ್ನು ಯಾರು ಹಿಡಿದರೋ. ನಡುವೆ ಅಕ್ಕಿ ಜೋಲಿಯಂತೆ ತೂಗಿತು. ಒಂದು ಕಾಳೂ ಚೆಲ್ಲದಂತೆ, ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಸೇರಿಸುತ್ತ, ಅವರು ಚರ್ಚಿನ ಮೆಟ್ಟಿಲು ಹತ್ತಿದರು.