ಅವನಿಗೆ ಹೇಳಬೇಕಿದ್ದ ಮಾತು

“ಭಾವ, ಅವನು ಬಂದಿದಾನೆ. ಒಳಗೆ ಬಿಡ್ಲಾ?” ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದ ತಂಗಿ ಕಿಟಕಿಯ ಬಳಿಯೇ ನಿಂತುಬಿಟ್ಟಳು.

ತೀರಿಕೊಂಡ ಹೆಂಡತಿಯ ತಲೆಯ ಬಳಿ ಕೂತಿದ್ದ ಭಾವ ಯಾರೆಂದು ಕೇಳಲಿಲ್ಲ. “ಸಾವಿನ ಮನೆಗೆ ಬಂದವರನ್ನ ಬಾಗಿಲಲ್ಲಿ ನಿಲ್ಲಿಸ್ತಾರೇನಮ್ಮ?”

“ಅಕ್ಕ ಬದುಕಿದ್ದಾಗ ಒಂದು ಫೋನ್ ಎತ್ತಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಬಂದ?”

ಗಗನಯಾನಿ ಒಳಗೆ ಬಂದ. ಕೂದಲು ಪೂರ್ತಿ ನರೆತಿತ್ತು. ಶವಪೆಟ್ಟಿಗೆಯಿಂದ ದೂರವಾಗಿ, ಬಾಗಿಲ ಪಕ್ಕದಲ್ಲೇ ನಿಂತ. ಮೂಲೆಯಲ್ಲಿ ಕೂತಿದ್ದ, ನಿಯಂತ್ರಣ ಕೊಠಡಿಯ ಅಕ್ಕನ ಹಳೆಯ ಸಹೋದ್ಯೋಗಿಗಳು ತಿರುಗಿ ನೋಡಿದರು.

*

ಆ ಕೊಠಡಿಯಲ್ಲಿ ಸಾಲುಸಾಲು ಮೇಜು. ನೌಕೆಯೊಳಗಿನ ಗಾಳಿ ನೋಡುವವರಿಗೊಂದು, ವಿದ್ಯುತ್ತಿಗೊಂದು, ಯಾನಿಗಳ ಎದೆಬಡಿತ ನೋಡುವ ಡಾಕ್ಟರಿಗೊಂದು. ಅವರಿಗೆ ಒತ್ತಾಸೆಯಾಗಿ ಪಕ್ಕದ ಕೋಣೆಯಲ್ಲಿ ಇನ್ನಷ್ಟು ಜನ. ಎಲ್ಲರ ಕಿವಿಗೂ ಹೆಡ್‌ಫೋನ್. ಆದರೆ ಮೇಲೆ ನೌಕೆಯಲ್ಲಿರುವವರ ಜೊತೆ ಮಾತಾಡುವವರು ಒಬ್ಬರೇ. ಹತ್ತು ಬಾಯಿ ಸೇರಿದರೆ ಅಲ್ಲಿದ್ದವರಿಗೆ ತಲೆ ಕೆಡುತ್ತದೆ. ಅವನ ಯಾನದಲ್ಲಿ ಆ ದನಿ ಅಕ್ಕನದು.

ವರ್ಷಗಳ ಹಿಂದೆ, ಗಗನಯಾನಕ್ಕೆ ಹೊರಡುವ ಮುಂಚೆ ಅವನು ಅವಳಿಗೆ ಹೇಳಿದ್ದ: “ಅಮ್ಮನಿಗೆ ಹುಷಾರಿಲ್ಲ. ಏನೇ ಆದ್ರೂ ನನ್ನಿಂದ ಮುಚ್ಚಿಡಬೇಡಿ ಮೇಡಂ.” ಅವಳು ಆಯ್ತು ಎಂದಿದ್ದಳು.

ಅವನು ಮೇಲಿದ್ದಾಗಲೇ ತಾಯಿ ತೀರಿಕೊಂಡ ಸುದ್ದಿ ಬಂತು. ಮರುದಿನ ಅವನು ನೌಕೆಯಿಂದ ಹೊರಗಿಳಿದು ಕೆಟ್ಟ ಪಂಪು ಬದಲಿಸಬೇಕಿತ್ತು.

“ಈಗ ಹೇಳಿದ್ರೆ ಕೈ ನಡುಗುತ್ತೆ. ಕೆಲಸ ಮುಗೀಲಿ,” ಎಂದರು ಮುಖ್ಯಸ್ಥರು.

“ಮಾತು ಕೊಟ್ಟಿದೀನಿ ಸಾರ್.”

“ಅವನ ಜೀವ ನನ್ನ ತಲೆ ಮೇಲಿದೆ. ಆಗಲ್ಲ ಅಂದ್ರೆ ಎದ್ದೇಳಿ, ಬೇರೆಯವರು ಕೂರ್ತಾರೆ.”

ಅವಳು ಏಳಲಿಲ್ಲ. ಹೊಸ ದನಿ ಕೇಳಿದರೆ ಅವನಿಗೆ ಅನುಮಾನ ಬರುತ್ತಿತ್ತು.

“ಅಮ್ಮ ಹೇಗಿದಾರೆ?” ಎಂದು ಮೇಲಿನಿಂದ ಅವನು ಕೇಳಿದ.

“ಹಾಗೇ ಇದಾರೆ. ನೀವು ನಿದ್ದೆ ಮಾಡಿ.”

ಪಕ್ಕದಲ್ಲಿದ್ದ ಡಾಕ್ಟರು ತಲೆ ತಗ್ಗಿಸಿದರು.

ಪಂಪು ಬದಲಾಯಿತು. ಅವನು ಕ್ಷೇಮವಾಗಿ ಒಳಗೆ ಬಂದ ಮೇಲೆ ಅವಳೇ ವಿಷಯ ಹೇಳಿದಳು. ಅಂದಿನಿಂದ ಅವನು ಕೆಲಸದ ಮಾತಷ್ಟೇ ಆಡಿದ; ಭೂಮಿಗೆ ಇಳಿದ ಮೇಲೆ ಅವಳ ಫೋನ್ ಎಂದೂ ಎತ್ತಲಿಲ್ಲ.

*

“ನಿಮ್ಮ ತಾಯಿ ಮಣ್ಣಿಗೆ ಅವಳು ಹೋಗಿದ್ಲು,” ಎಂದರು ಭಾವ. “ಪಾಳಿ ಮುಗಿಸಿ ನೇರ ಅಲ್ಲಿಗೇ. ನಾನೇ ಕರ್ಕೊಂಡು ಹೋಗಿದ್ದು. ವಾಪಸ್ ಬಂದು ಮತ್ತೆ ನಿಮ್ಮ ಜೊತೆ ಮಾತಿಗೆ ಕೂತ್ಲು.”

ತಂಗಿಗೂ ಇದು ಗೊತ್ತಿರಲಿಲ್ಲ.

“ಅಮ್ಮನ್ನ... ನೋಡಿದ್ರಾ ಇವರು?” ಗಗನಯಾನಿ ಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದ.

“ಹತ್ತಿರ ಕೂತು ನೋಡಿದ್ಲಂತೆ.”

“ಮುಖ ಹೇಗಿತ್ತಂತೆ?”

“ಗೊತ್ತಿಲ್ಲಪ್ಪ. ನಾನು ಕಾರಲ್ಲೇ ಇದ್ದೆ. ಕೇಳಿದ್ರೆ, ‘ಅದು ಅವರಿಗೆ ಹೇಳೋ ಮಾತು’ ಅಂತಿದ್ಲು. ಅದಕ್ಕೇ ಅಷ್ಟು ಸಲ ಫೋನ್ ಮಾಡ್ತಿದ್ದದ್ದು.”

ಹೊರಗೆ ಗಾಡಿ ಬಂದು ನಿಂತಿತು. ನಾಲ್ವರು ಸಹೋದ್ಯೋಗಿಗಳು ಪೆಟ್ಟಿಗೆ ಎತ್ತಲು ಬಾಗಿದರು. ಅಷ್ಟರಲ್ಲಿ ಅವನು ಅವರ ನಡುವೆ ನುಗ್ಗಿ ಬಂದು ಮಂಡಿಯೂರಿದ. ಏಳಿ ಎನ್ನಲು ಬಂದ ತಂಗಿ ಹಿಂದೆ ಸರಿದಳು. ಅವನು ಅಕ್ಕನ ಮುಚ್ಚಿದ ತುಟಿಗಳನ್ನೇ ನೋಡುತ್ತಿದ್ದ. ನಾಲ್ವರೂ ಹಿಡಿಕೆಗಳ ಮೇಲೆ ಕೈಯಿಟ್ಟು, ಬಾಗಿದ ಬೆನ್ನಲ್ಲೇ ಕಾಯುತ್ತಿದ್ದರು.