ಲಗಮಪ್ಪನ ಎಡ ಅಂಗೈ

ನೆಲಕ್ಕೆ ತೂತು ಕೊರೆಯುವುದು ನನ್ನ ಕಸುಬಾಗಿತ್ತು. ಬೋರ್‌ವೆಲ್ಲಿನವರ ಹಾಗೆ ಪಾತಾಳಕ್ಕೆ ಇಳಿಯುವ ತೂತಲ್ಲ. ನಾಲ್ಕೂಕಾಲು ಇಂಚು ಅಗಲ, ಒಂದು ಗೇಣು ಆಳ, ಅಷ್ಟೇ. ಬಿಳಿ ಚೆಂಡೊಂದು ಅದರೊಳಗೆ ಬಿದ್ದರೆ ದೊಡ್ಡ ದೊಡ್ಡ ಮನುಷ್ಯರು ಕೂಸುಗಳಂತೆ ಹಿಗ್ಗುತ್ತಾರೆ, ಬೀಳದಿದ್ದರೆ ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗುತ್ತಾರೆ. ಗಾಲ್ಫ್ ಮೈದಾನದಲ್ಲಿ ಕುಳಿ ತೆಗೆಯುವ ಉಪಕರಣ ನಾನು. ಕೆಲಸದವರ ಬಾಯಲ್ಲಿ ಬರೀ ಕಟರು.

ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ನನ್ನ ಮೊದಲ ನೆನಪೆಂದರೆ ಸೆಕೆ. ಆಮೇಲೆ ಲೇತಿನ ಮೇಲೆ ಮಲಗಿಸಿ ನನ್ನ ಬಾಯಿಯ ಅಂಚನ್ನು ಬ್ಲೇಡಿನಂತೆ ಹರಿತ ಮಾಡಿದರು. ಕೆಳಗೆ ಉಕ್ಕಿನ ಕೊಳವೆ, ನಡುವೆ ಕಂಬಿ, ಮೇಲೆ ಅಡ್ಡಕ್ಕೆ ಕಬ್ಬಿಣದ ಹಿಡಿ. ಗೋಣಿತಟ್ಟಿನಲ್ಲಿ ಸುತ್ತಿ ಊರ ಹೊರಗಿನ ದಿನ್ನೆಯ ಮೇಲಿನ ಹಳೆಯ ಕ್ಲಬ್ಬಿಗೆ ಕಳಿಸಿದರು. ಅಲ್ಲಿನ ಮೊದಲ ಮಾಲಿ ಸಿದರಾಯಿ ನನ್ನನ್ನು ಕಂಡಕಂಡಲ್ಲಿ ಬಿಸಾಡುತ್ತಿದ್ದ. ಕಲ್ಲಿದ್ದ ಕಡೆಯೂ ಒತ್ತಿ ತಿರುವಿ ನನ್ನ ಹಿಡಿಯನ್ನು ಸೊಟ್ಟ ಮಾಡಿದ. ಅವನು ನಿವೃತ್ತನಾದಾಗ ನನಗೆ ದುಃಖವೇನೂ ಆಗಲಿಲ್ಲ.

ಅವನ ಜಾಗಕ್ಕೆ ಬಂದವನು ಲಗಮಪ್ಪ. ಬಂದ ವಾರವೇ ಸೊಟ್ಟ ಹಿಡಿಯನ್ನು ಕತ್ತರಿಸಿ ಹಾಕಿ, ತನ್ನೂರಿನ ಬಡಿಗೇರನಿಂದ ಜಾಲಿ ಕಟ್ಟಿಗೆಯ ಹೊಸ ಹಿಡಿ ಕೆತ್ತಿಸಿ ಕೂರಿಸಿದ. ನನಗೆ ಜೀವ ಬಂದದ್ದು ಆವತ್ತು ಎನ್ನಬೇಕು. ಲಗಮಪ್ಪ ಎಡಚ. ಅವನ ಎಡಗೈ ಹೆಬ್ಬೆರಳು ಕೂತು ಕೂತು ಆ ಹಿಡಿಯಲ್ಲಿ ಸಣ್ಣದೊಂದು ತಗ್ಗೇ ಬಿತ್ತು.

ಕುಳಿ ತೆಗೆಯುವುದರಲ್ಲಿ ಏನು ಮಹಾ ಎಂದು ನೀವು ಕೇಳಬಹುದು. ಕುಳಿ ಇರುವುದು ಗ್ರೀನ್ ಎಂಬ ನುಣ್ಣನೆಯ ಹುಲ್ಲಿನ ಅಂಗಳದಲ್ಲಿ. ಎಲ್ಲರ ಕಾಲೂ ಅದರ ಸುತ್ತಲೇ ಬಿದ್ದು ಹುಲ್ಲು ಸವೆಯುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಕುಳಿಯ ಜಾಗ ಬದಲಿಸಬೇಕು. ಹೊಸ ಜಾಗದಲ್ಲಿ ನನ್ನನ್ನು ಒತ್ತಿ ತಿರುವಿದರೆ ಹುಲ್ಲಿನ ಸಮೇತ ಮಣ್ಣಿನ ದಿಂಡೊಂದು ಎದ್ದು ಬರುತ್ತದೆ. ಅದನ್ನು ಒಯ್ದು ನಿನ್ನೆಯ ಕುಳಿಗೆ ತುಂಬಬೇಕು. ಕೂದಲೆಳೆಯಷ್ಟು ಎತ್ತರವಾದರೆ ಉರುಳುವ ಚೆಂಡು ಅಲ್ಲಿ ಹಾರುತ್ತದೆ, ತಗ್ಗಾದರೆ ತಡವರಿಸುತ್ತದೆ.

ಲಗಮಪ್ಪ ದಿಂಡು ಕೂರಿಸಿ, ಮೊಣಕಾಲೂರಿ, ಕಣ್ಣು ಮುಚ್ಚಿ ಎಡ ಅಂಗೈಯಿಂದ ಹುಲ್ಲನ್ನು ಸವರುತ್ತಿದ್ದ. ಒಂದು ಚಿಟಿಕೆ ಮಣ್ಣು ತೆಗೆಯುತ್ತಿದ್ದ, ಅರ್ಧ ಚಿಟಿಕೆ ಮತ್ತೆ ಹಾಕುತ್ತಿದ್ದ. ಅವನ ಹೆಂಡತಿ ಕಾಶವ್ವ ಅದೇ ಕ್ಲಬ್ಬಿನಲ್ಲಿ ಕಳೆ ಕೀಳುವವಳು. "ಕಣ್ಣ ಮುಚ್ಚಿ ಏನ ಜಪಾ ಮಾಡಾಕತ್ತೀರಿ?" ಎಂದು ಕಾಡಿಸುತ್ತಿದ್ದಳು.

"ಬಿಸಲಾಗ ಕಣ್ಣಿಗೆ ಎಲ್ಲಾ ಮಟ್ಟನ ಕಾಣತೈತಿ ಕಾಶೀ. ಕೈಯಾಗ ನೋಡಿದ್ರನ ಖರೇ ತಿಳಿಯೂದು" ಅನ್ನುತ್ತಿದ್ದ ಅವನು.

ಹದಿನೆಂಟು ಗ್ರೀನು, ಹದಿನೆಂಟು ಹಳೆಯ ಕುಳಿ. ಅವನು ಮುಚ್ಚಿ ಎದ್ದ ಮೇಲೆ ಹಳೆಯ ಕುಳಿ ಎಲ್ಲಿತ್ತೆಂದು ನನಗೇ ಗುರುತು ಸಿಗುತ್ತಿರಲಿಲ್ಲ. ಓದು ಬರಹ ಬಾರದ ಲಗಮಪ್ಪನಿಗೆ ಆ ಕೆಲಸ ಕೊಡಿಸಿದ್ದು ಆ ಅಂಗೈ, ಉಳಿಸಿದ್ದೂ ಅದೇ. ಅದೊಂದು ಹೋದರೆ ಅವನನ್ನು ಅಲ್ಲಿ ಇಟ್ಟುಕೊಳ್ಳಲು ಯಾರಿಗೂ ಕಾರಣವಿರಲಿಲ್ಲ.

ಕ್ಲಬ್ಬಿನ ವರಾಂಡದಲ್ಲಿ ಒಂದು ದೂರಿನ ಪುಸ್ತಕವಿತ್ತು. ಆಟ ಮುಗಿಸಿದ ಸದಸ್ಯರು ತಣ್ಣನೆಯದೇನಾದರೂ ಕುಡಿಯುತ್ತ ಅದರಲ್ಲಿ ತಮ್ಮ ಸಂಕಟ ತೋಡಿಕೊಳ್ಳುತ್ತಿದ್ದರು. ಕಾರ್ಯದರ್ಶಿ ದೇಸೂರಕರ ಸಾಹೇಬರು ಪ್ರತಿ ಸೋಮವಾರ ಸಾಮಾನಿನ ಶೆಡ್ಡಿನ ಮುಂದೆ ನಿಂತು ಕೆಲಸದವರಿಗೆ ಅದನ್ನು ಓದಿ ಹೇಳುತ್ತಿದ್ದರು. ಮರಳಿನ ಗುಂಡಿಯ ಮರಳು ದಪ್ಪಗಿದೆ. ಏಳನೆಯ ಕುಳಿಯ ಬಾವುಟ ಮಾಸಿದೆ. ಬೆಂಚಿನ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ. ಹುಲ್ಲು ಕತ್ತರಿಸಿದ ಗೆರೆ ಡೊಂಕಾಗಿದೆ. ಬಾರುಕೋಲಿನ ಪೆಟ್ಟು ತಿಂದವನೂ ಇಷ್ಟು ನರಳಿರಲಾರ! ಮೊದಮೊದಲು ನನಗೆ ನಗು ಬರುತ್ತಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ಒಂದು ಮಳೆಗಾಲ ಎಲ್ಲರೂ ಒಂದೇ ದೂರು ಬರೆದರು. ಎರೆಹುಳುಗಳು ರಾತ್ರಿ ಮೇಲೆ ಬಂದು ಗ್ರೀನಿನ ಮೇಲೆ ಸಣ್ಣ ಸಣ್ಣ ಮಣ್ಣಿನ ಗುಪ್ಪೆ ಹಾಕುತ್ತವೆ, ಚೆಂಡಿಗೆ ಕೆಸರು ಮೆತ್ತುತ್ತದೆ ಎಂದು. ಕಾಶವ್ವ ದಿನಾ ಬೆಳಿಗ್ಗೆ ಉದ್ದನೆಯ ಬಿದಿರು ಗಳದಿಂದ ಆ ಗುಪ್ಪೆಗಳನ್ನು ಸವರಿ ಉದುರಿಸುತ್ತಿದ್ದಳು. ಅಷ್ಟು ಸಾಲಲಿಲ್ಲ.

"ಹುಳದ ಹೇಲಿನ ಮ್ಯಾಲೆ ಆಡಬೇಕೇನ್ ನಾವು ಅಂತ ಡಾಕ್ಟರ್ ಹಂಜಿಯವರು ಬರದಾರ" ಎಂದರು ದೇಸೂರಕರ. "ಎಣ್ಣಿ ತರಸೇನಿ. ಹದಿನೈದು ದಿನಕ್ಕೊಮ್ಮಿ ಹೊಡಿ ಲಗಮಪ್ಪ. ಒಂದ ಹುಳಾ ಉಳಿಬಾರ್ದು ನೋಡ."

ನಮ್ಮ ಕಡೆ ಹುಳುವಿನ ವಿಷಕ್ಕೆ ಎಣ್ಣಿ ಎಂದೇ ಹೆಸರು. ತಲೆಗೆ ಹಚ್ಚುವ ವಸ್ತುವಿನ ಹೆಸರನ್ನೇ ಅದಕ್ಕೂ ಇಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಲಗಮಪ್ಪ ಬೆನ್ನಿಗೆ ಪಂಪು ಕಟ್ಟಿಕೊಂಡು ಹದಿನೆಂಟೂ ಗ್ರೀನಿಗೆ ಹೊಡೆದ. ಮರುದಿನ ಎರೆಹುಳುಗಳು ಹುಲ್ಲಿನ ಮೇಲೆ ಸಾಲಾಗಿ ಸತ್ತು ಬಿದ್ದಿದ್ದವು. ಕಾಶವ್ವ ಅವನ್ನು ಬುಟ್ಟಿಗಟ್ಟಲೆ ಗುಡಿಸಿದಳು. ಪಂಪಿನ ಮುಚ್ಚಳ ಸೋರುತ್ತಿತ್ತು, ಲಗಮಪ್ಪನ ಬೆರಳುಗಳು ಉರಿಯತೊಡಗಿದವು.

ಅದನ್ನು ಗಮನಿಸಿದವರು ಡಾಕ್ಟರ್ ಹಂಜಿಯವರೇ. ಅವರು ಕೆಟ್ಟವರಲ್ಲ, ಅದನ್ನು ನಾನು ಹೇಳಲೇಬೇಕು. ಊರಿನಲ್ಲಿ ಹೆಸರಾದ ಡಾಕ್ಟರು. ಕೆಲಸದವರನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದವರು ಅವರೊಬ್ಬರೇ. ಆವತ್ತು ತಮ್ಮ ಚೀಲದಿಂದ ಹಳೆಯ ಕೈಗವಸೊಂದನ್ನು ತೆಗೆದು ಅವನಿಗೆ ಕೊಟ್ಟರು. "ಇದನ್ನ ಹಾಕ್ಕೊಂಡ ಹೊಡಿಯೋ ಮಾರಾಯಾ, ಬರಿಗೈಲೆ ಮುಟ್ಟಬ್ಯಾಡ" ಎಂದರು.

ಗಾಲ್ಫ್ ಆಡುವವರು ಎರಡು ಕೈಗೂ ಗವಸು ಹಾಕುವುದಿಲ್ಲ. ಬಲಗೈ ರೂಢಿಯವರು ಕೋಲು ಜಾರದಿರಲೆಂದು ಎಡಗೈಗೊಂದೇ ಹಾಕುತ್ತಾರೆ. ಅದು ಬಿಡಿಯಾಗಿಯೇ ಮಾರಾಟವಾಗುತ್ತದೆ. ಬೇರೆ ಮಾಲಿಗಳಿಗೆ ಅದು ಉಪಯೋಗಕ್ಕೆ ಬಾರದ್ದು. ಎಡಚ ಲಗಮಪ್ಪನಿಗೆ ಮಾತ್ರ ಅದನ್ನು ನೋಡಿ ಸ್ವರ್ಗ ಮೂರೇ ಗೇಣು. "ನೋಡ ಕಾಶೀ, ನನಗಂತನ ಹೊಲದಂಗ ಐತಿ!" ಎಂದು ಕೈ ಮಡಚಿ ಬಿಚ್ಚಿ ತೋರಿಸಿದ. ಬೆಣ್ಣೆಯಂಥ ತೆಳು ಕುರಿಚರ್ಮ. ಬಲಗೈಯನ್ನು ಪ್ರತಿಸಲ ನಲ್ಲಿಯ ಕೆಳಗೆ ಸಾಬೂನು ಹಚ್ಚಿ ತೊಳೆಯುತ್ತಿದ್ದ. ಎಡಗೈಯನ್ನು ತೊಳೆಯುವ ಅಗತ್ಯ ಅವನಿಗೆ ಕಾಣಲಿಲ್ಲ. ಅದಕ್ಕೆ ಸಾಹೇಬರ ಗವಸಿತ್ತಲ್ಲ!

ಆ ಚರ್ಮ ಎಣ್ಣೆಯನ್ನು ತಡೆಯುತ್ತಿರಲಿಲ್ಲ, ಕುಡಿಯುತ್ತಿತ್ತು. ಅವನು ಎಣ್ಣೆ ಹೊಡೆದ ದಿನವೆಲ್ಲ ಅದನ್ನು ಬಿಚ್ಚುತ್ತಿರಲಿಲ್ಲ. ಒದ್ದೆ ಗವಸಿನ ಕೈಯಲ್ಲೇ ನನ್ನನ್ನೂ ಹಿಡಿದು ಕುಳಿ ತೆಗೆಯುತ್ತಿದ್ದ. ನನ್ನ ಜಾಲಿಯ ಹಿಡಿಗೂ ಅದು ಇಳಿಯಿತು, ಹೆಬ್ಬೆರಳಿನ ತಗ್ಗು ಕರ್ರಗಾಯಿತು. ಸಂಜೆ ಗವಸನ್ನು ಶೆಡ್ಡಿನಲ್ಲಿ ನನ್ನ ಪಕ್ಕದ ಮೊಳೆಗೆ ನೇತುಹಾಕಿ ಹೋಗುತ್ತಿದ್ದ. ಬೆಳಗಿನವರೆಗೂ ಆ ಘಾಟು ನನ್ನ ಪಾಲಿಗೆ. ಒಂದು ಹರಿದರೆ ಡಾಕ್ಟರು ಇನ್ನೊಂದು ಕೊಡುತ್ತಿದ್ದರು. ಎರಡು ವರ್ಷದಲ್ಲಿ ಐದು ಗವಸು ಬಂದವು. ಹಳೆಯದನ್ನು ಬಿಸಾಡಲು ಅವನಿಗೆ ಮನಸ್ಸಾಗದೆ ಐದೂ ಅದೇ ಮೊಳೆಯಲ್ಲಿದ್ದವು.

ಮೊದಲು ತಿಳಿದದ್ದು ನನಗೆ. ಒಂದು ಬೆಳಿಗ್ಗೆ ಅವನ ಹಿಡಿತ ಬೇರೆಯಾಗಿತ್ತು. ಬೇಕಾದದ್ದಕ್ಕಿಂತ ಬಿಗಿಯಾಗಿ, ನಾನೇನೋ ತಪ್ಪಿಸಿಕೊಂಡು ಓಡುತ್ತೇನೆ ಎಂಬಂತೆ ಹಿಡಿದಿದ್ದ. ಹಳೆಯ ಕುಳಿ ಮುಚ್ಚಿ, ಕಣ್ಣು ಮುಚ್ಚಿ ಸವರಿದ. ಮತ್ತೆ ಸವರಿದ. ಕಣ್ಣು ತೆರೆದು, ನೆಲಕ್ಕೆ ಕೆನ್ನೆ ಹಚ್ಚಿ ನೋಡಿದ. ಅದನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

"ಜುಂ ಅಂತೈತಿ. ಥಂಡಿಗೆ ಇರಬೇಕು" ಎಂದ ಕಾಶವ್ವನಿಗೆ.

ಥಂಡಿ ಹೋಗಿ ಬೇಸಿಗೆ ಬಂದರೂ ಜೋಮು ಹೋಗಲಿಲ್ಲ. ಆಮೇಲೆ ಜೋಮೂ ಹೋಯಿತು, ಅದರ ಜೊತೆಗೆ ಆ ಕೈಯ ಸ್ಪರ್ಶವೆಲ್ಲ ಹೋಯಿತು. ಬಲಗೈಯಿಂದ ಸವರಿ ನೋಡಿದ. ಆ ಕೈಗೆ ಈ ವಿದ್ಯೆ ಬರುತ್ತಿರಲಿಲ್ಲ. ಕಣ್ಣಂದಾಜಿನಲ್ಲಿ ದಿಂಡು ಕೂರಿಸತೊಡಗಿದ. ದೂರಿನ ಪುಸ್ತಕ ಕೂಡಲೇ ಮಾತಾಡಿತು. ಮೂರರಲ್ಲಿ ಹಳೆಯ ಕುಳಿ ಉಬ್ಬಿದೆ. ಹನ್ನೊಂದರಲ್ಲಿ ತಗ್ಗಾಗಿದೆ. ಮಾಲಿಗೆ ಈಚೆಗೆ ಕೆಲಸದ ಮೇಲೆ ಲಕ್ಷ್ಯವಿಲ್ಲ.

"ಲಗೂನ ಎದ್ದ ಇನ್ನೊಂದ ತಾಸ ಜಾಸ್ತಿ ಮಾಡ್ತೀನ್ರಿ ಸಾಹೇಬ್ರ" ಎಂದ ಲಗಮಪ್ಪ ದೇಸೂರಕರ ಮುಂದೆ ತಲೆ ತಗ್ಗಿಸಿ. ಕೈಯ ಸುದ್ದಿ ಎತ್ತಲಿಲ್ಲ. ಎತ್ತಿದರೆ ಕೆಲಸ ಹೋದೀತೆಂದು ಅವನಿಗೆ ಅಂಜಿಕೆ. ನಸುಕಿನಲ್ಲೇ ಬಂದು ಒಂದೊಂದು ದಿಂಡನ್ನೂ ನಾಲ್ಕು ನಾಲ್ಕು ಸಲ ತೆಗೆದು ಹಾಕುತ್ತಿದ್ದ. ಕೂರಿಸಿದ್ದನ್ನೇ ಕಿತ್ತು ಕೂರಿಸಿ ಹುಲ್ಲಿನ ಬೇರು ಹರಿದು ಇನ್ನಷ್ಟು ಕೆಡುತ್ತಿತ್ತು.

ಕ್ಲಬ್ಬಿನ ವರ್ಷದ ಪಂದ್ಯ ಬಂತು. ಹದಿನೆಂಟನೆಯ ಗ್ರೀನಿನಲ್ಲಿ ಡಾಕ್ಟರ್ ಹಂಜಿಯವರ ಚೆಂಡು ನೆಟ್ಟಗೆ ಕುಳಿಯ ಕಡೆಗೆ ಉರುಳುತ್ತಿತ್ತು. ದಾರಿಯಲ್ಲಿ ನಿನ್ನೆಯ ಕುಳಿ. ಚೆಂಡು ಅಲ್ಲಿ ಸಣ್ಣಗೆ ಹಾರಿ ಬಲಕ್ಕೆ ಹೊರಳಿತು. ಡಾಕ್ಟರು ಒಂದೇ ಹೊಡೆತದ ಅಂತರದಿಂದ ಸೋತರು. ಆವತ್ತು ದೂರಿನ ಪುಸ್ತಕದಲ್ಲಿ ಅರ್ಧ ಪುಟ ಬರೆದರಂತೆ.

ಮರುದಿನ ಸಿಟ್ಟು ಇಳಿದಿರಬೇಕು, ತಾವೇ ಶೆಡ್ಡಿಗೆ ಬಂದರು. "ಏನಾಗೇತಿ ಲಗಮಪ್ಪ ನಿನಗ? ಹಿಂಗ ಇರ್ಲಿಲ್ಲಲಾ ನೀ" ಎಂದರು. ಅವರ ದನಿಯಲ್ಲಿ ಅಕ್ಕರೆಯಿತ್ತು. ಅದಕ್ಕೇ ಅವನು ಎಡಗೈ ಚಾಚಿದ. ಡಾಕ್ಟರು ಅವನಿಗೆ ಕಣ್ಣು ಮುಚ್ಚಲು ಹೇಳಿ, ಜೇಬಿನಿಂದ ಚೆಂಡು ನಿಲ್ಲಿಸುವ ಮರದ ಮೊಳೆ ತೆಗೆದು ಅಂಗೈಗೆ ಚುಚ್ಚಿದರು. ಬೆರಳ ತುದಿಗೆ ಚುಚ್ಚಿದರು. ರಕ್ತದ ಹನಿ ಕಾಣಿಸಿತು.

"ಚುಚ್ರಿ ಸಾಹೇಬ್ರ, ನಾ ಏನ ಹೆದರಂಗಿಲ್ಲ" ಎಂದ ಲಗಮಪ್ಪ, ಕಣ್ಣು ಮುಚ್ಚಿಕೊಂಡೇ.

ಡಾಕ್ಟರ ಮುಖ ಬಿಳಚಿಕೊಂಡಿತು. "ಎಣ್ಣಿ ಹೊಡಿಯುವಾಗ ಕೈಗೆ ಏನ ಹಾಕ್ಕೊಂತಿದ್ದಿ?"

"ನೀವ ಕೊಟ್ಟದ್ದನರೀ! ಒಂದ ದಿನಾನೂ ಬಿಟ್ಟಿಲ್ಲ." ಲಗಮಪ್ಪ ಹಿಗ್ಗಿನಿಂದ ಮೊಳೆಯ ಮೇಲಿನ ಐದೂ ಗವಸುಗಳನ್ನು ತೆಗೆದು ಮುಂದಿಟ್ಟ. ಕಪ್ಪಾಗಿ, ಸೆಟೆದು, ಒಣಗಿದ ಮೀನಿನಂತಾಗಿದ್ದವು. ಡಾಕ್ಟರು ಒಂದನ್ನು ಮೂಗಿನ ಹತ್ತಿರ ಹಿಡಿದು, ತಟ್ಟನೆ ದೂರ ಮಾಡಿದರು. ಅವರಿಗೆ ಎಲ್ಲ ತಿಳಿಯಿತು ಎಂಬುದು ನನಗೆ ತಿಳಿಯಿತು. ಆಮೇಲೆ ಐದೂ ಗವಸುಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು.

"ವಯಸ್ಸಾತು ಲಗಮಪ್ಪ. ನರ ಸೋತಾವ. ಇನ್ನ ಮನ್ಯಾಗ ಆರಾಮ ತಗೋ" ಎಂದರು. ಚೀಲವನ್ನು ತಮ್ಮ ಜೊತೆಗೇ ಒಯ್ದರು.

ಹೇಡಿ! ನನಗೆ ಬಾಯಿದ್ದದ್ದು ಮಣ್ಣು ಕಚ್ಚಲಿಕ್ಕೆ ಮಾತ್ರ. ಇಲ್ಲದಿದ್ದರೆ ಆವತ್ತು ಕೂಗಿಬಿಡುತ್ತಿದ್ದೆ. ಲಗಮಪ್ಪನಿಗೆ ಆಗ ಐವತ್ತೂ ತುಂಬಿರಲಿಲ್ಲ. ಅವನು ಮಾತ್ರ ಸಂಜೆ ಕಾಶವ್ವನ ಮುಂದೆ, "ಎಂಥಾ ಮನಶ್ಯಾರ ನೋಡ, ತಾವ ಬಂದು ನನ್ನ ಕೈ ಹಿಡದ ನೋಡಿದ್ರು" ಎಂದ. ಆ ತಿಂಗಳ ಕೊನೆಗೆ ಅವನ ಕೆಲಸ ಹೋಯಿತು. ಬೀಳ್ಕೊಡುವಾಗ ಒಂದು ಶಾಲು ಹೊದಿಸಿದರು.

ನನಗೂ ಕಾಲ ಮುಗಿಯಿತು. ಮಟ್ಟ ತೋರಿಸುವ ಗಾಜಿನ ಗುಳ್ಳೆಯಿದ್ದ ಹೊಸ ಕಟರು ಬಂತು. ಗುಜರಿಯವನು ನನ್ನ ಕೊಳವೆಯನ್ನೂ ಕಂಬಿಯನ್ನೂ ಒಯ್ದ. ಕಟ್ಟಿಗೆ ಬೇಡವೆಂದು ಸುತ್ತಿಗೆಯಿಂದ ಹೊಡೆದು ಹಿಡಿಯನ್ನು ಬಿಡಿಸಿ ಪಂಪಿನ ಮನೆಯ ಹಿಂದೆ ಎಸೆದ. ಹಗುರಾದ ಗೇಣುದ್ದದ ತುಂಡು, ಅಷ್ಟೇ ಈಗ ನಾನು. ಅತ್ತ ಎರೆಹುಳುಗಳಿಲ್ಲದ ನೆಲ ಗಟ್ಟಿಯಾಯಿತು. ಮಳೆ ಬಂದರೆ ನೀರು ಇಂಗದು, ಚೆಂಡು ಬಿದ್ದರೆ ನಿಲ್ಲದು. ಗ್ರೀನು ಕಲ್ಲಾಗಿದೆ, ಏನಾದರೂ ಮಾಡಿ ಎಂದು ಪುಸ್ತಕದಲ್ಲಿ ಬರೆದರಂತೆ.

ವರ್ಷದ ಮೇಲೆ ಒಂದು ಮಧ್ಯಾಹ್ನ ಲಗಮಪ್ಪ ಕಾಶವ್ವನಿಗೆ ಬುತ್ತಿ ತಂದ. ಅವಳಿನ್ನೂ ಅಲ್ಲೇ ಕಳೆ ಕೀಳುತ್ತಿದ್ದಳು, ಬೇವಿನ ನೆರಳಿನಲ್ಲಿ ಕೂತಿದ್ದಳು. ಪಂಪಿನ ಮನೆ ಬಳಸಿ ಬರುವಾಗ ಅವನಿಗೆ ನಾನು ಕಂಡೆ. ಬಗ್ಗಿದ. ಕರ್ರಗಿನ ತಗ್ಗನ್ನು ನೋಡಿ ಅವನ ಮುಖ ಅರಳಿತು. ಎಡಗೈಯಿಂದ ಎತ್ತಿಕೊಂಡು, ಹೆಬ್ಬೆರಳನ್ನು ಹಳೆಯ ಜಾಗದಲ್ಲಿಟ್ಟ. ನಾನು ಮನೆಗೆ ಬಂದಂತಾಯಿತು. ಹೆಂಡತಿಯನ್ನು ಕಾಡಿಸಬೇಕೆಂದು ಆ ಕೈಯನ್ನು ಬೆನ್ನ ಹಿಂದೆ ಅಡಗಿಸಿ ನಡೆದ.

ಎರಡನೆಯ ಹೆಜ್ಜೆಗೆ ನಾನು ಜಾರಿ ಹುಲ್ಲಿಗೆ ಬಿದ್ದೆ. ಸದ್ದಾಗಲಿಲ್ಲ. ಅವನು ನಡೆಯುತ್ತಲೇ ಇದ್ದ. ಮುಷ್ಟಿ ನನ್ನನ್ನು ಹಿಡಿದಂತೆಯೇ ಮಡಚಿತ್ತು.

"ಹೇಳ ನೋಡೂಣು, ಯಾರನ್ನ ಕರ್ಕೊಂಡ ಬಂದೀನಿ?" ಎಂದ.

"ಯಾರನ್ರಿ?" ಎಂದು ಕಾಶವ್ವ ನಕ್ಕಳು.

ಅವನು ಕೈಯನ್ನು ಮುಂದೆ ತಂದು ಬೆರಳು ಬಿಚ್ಚಿದ. ಇಬ್ಬರೂ ಆ ಬರಿದಾದ ಅಂಗೈಯನ್ನೇ ನೋಡಿದರು. ಕಾಶವ್ವ ಎದ್ದು ಅವನು ಬಂದ ದಾರಿಯಲ್ಲಿ ಹಿಂದೆ ಹೋಗಿ, ನನ್ನನ್ನು ಹುಡುಕಿ ತಂದು ಅವನ ಬಲಗೈಗೆ ಕೊಟ್ಟಳು. "ಉಣ್ಣೂಣ ಬರ್ರಿ" ಎಂದಳು. ರೊಟ್ಟಿ ಮುರಿಯುವಷ್ಟರಲ್ಲಿ ಆಚೆಯ ಗ್ರೀನಿನಿಂದ ಯಾರೋ ಕೂಗಿದರು. ಕುಳಿಯೊಳಗೆ ಒಂದು ಎಲೆ ಬಿದ್ದಿದೆಯಂತೆ. ಕಾಶವ್ವ ತುತ್ತು ಬಿಟ್ಟು ಎದ್ದಳು.

ಈಗ ನಾನು ಅವರ ಮನೆಯ ಗೋಡೆಯ ಮಾಡದಲ್ಲಿ, ದೀಪದ ಬುಡ್ಡಿಯ ಪಕ್ಕದಲ್ಲಿದ್ದೇನೆ. ಕುಳಿ ತೆಗೆಯುವ ಹೊತ್ತಿಗೆ ಲಗಮಪ್ಪನಿಗೆ ಇನ್ನೂ ಎಚ್ಚರವಾಗುತ್ತದೆ. ಎದ್ದು ಬಂದು ಬಲಗೈಯಿಂದ ನನ್ನನ್ನು ತೆಗೆದು, ಎಡ ಅಂಗೈಯ ಮೇಲಿಟ್ಟು, ಕಣ್ಣು ಮುಚ್ಚಿ ಸವರುತ್ತಾನೆ. ಅದಕ್ಕೇನಾದರೂ ತಿಳಿದೀತೇ ಎಂದು ಕಾಯುತ್ತಾನೆ. ಆ ಅಂಗೈ ಇನ್ನೂ ಬೆಚ್ಚಗಿದೆ. ನನಗೆ ಗೊತ್ತಾಗುತ್ತದೆ, ಅವನಿಗೆ ಇವತ್ತೂ ಗೊತ್ತಾಗಲಿಲ್ಲ.