ಪಕ್ಕಾ ಬಣ್ಣದ ಶಿದ್ರಾಮಪ್ಪ

ಬಣ್ಣದ ಬಟ್ಟೆ ಕಣ್ಣಿಗೆ ಬಿದ್ದರೆ ಸಾಕು, ಬನಹಟ್ಟಿಯ ಶಿದ್ರಾಮಪ್ಪನವರು ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ಅದರ ಅಂಚನ್ನು ಉಜ್ಜಿ, ಬಣ್ಣ ಬಿಡುತ್ತದೆಯೋ ಎಂದು ನೋಡದೆ ಇರುತ್ತಿರಲಿಲ್ಲ. ಅದು ಮದುಮಗನ ರುಮಾಲಾಗಿರಲಿ, ಸನ್ಮಾನದಲ್ಲಿ ತಮ್ಮ ಹೆಗಲಿಗೇ ಹೊದಿಸಿದ ಶಾಲಾಗಿರಲಿ. ನೂಲಿಗೆ ಬಣ್ಣ ಹಾಕುವ ಕಾರಖಾನೆಯ ಧಣಿ ಅವರು. ಎತ್ತರದ ಆಳು, ಮೊಣಕಾಲುದ್ದದ ಬಿಳಿ ಕೋಟು, ಅದರ ತೋಳಿನ ತುದಿಯಲ್ಲಿ ಯಾವ ಸಾಬೂನಿಗೂ ಜಗ್ಗದ ನೀಲಿ ಕಲೆ. ನೆಲದ ಮೇಲೆ ಯಾವುದೋ ಜೀವ ಮಲಗಿದೆಯೇನೋ ಎಂಬಂತೆ ನೋಡಿ ನೋಡಿ ಹೆಜ್ಜೆಯೂರುತ್ತಿದ್ದ ಅವರು ಯಾರು ಏನೇ ಹೇಳಿದರೂ "ಇರ್ಲಿ, ನೋಡೂಣು" ಎನ್ನುತ್ತಿದ್ದುದನ್ನು ನಾವೆಲ್ಲ ಬಲ್ಲೆವು.

ಅರವತ್ತರ ದಶಕದ ಆರಂಭದಲ್ಲಿ ಕಾರಖಾನೆಯ ಹಿತ್ತಲಲ್ಲಿ ಪಾಯ ಅಗೆಯುವಾಗ ಒಂದು ಜೋಡಿ ಎರಡುತಲೆ ಹಾವು ಸಿಕ್ಕವು. ವಿಷವಿಲ್ಲದ, ಬಾಲವೂ ತಲೆಯಂತೆಯೇ ಮೊಂಡಾಗಿರುವ, ಮಣ್ಣಿನಲ್ಲಿ ಹುದುಗಿ ಬದುಕುವ ಸಾಧು ಜೀವಗಳು. ಬಡಿಗೆ ಎತ್ತಿದ ಆಳುಗಳನ್ನು ತಡೆದು, ಇಟ್ಟಿಗೆಯ ತೊಟ್ಟಿ ಕಟ್ಟಿಸಿ, ಮರಳು ತುಂಬಿಸಿ, ಮೇಲೆ ಜಾಳಿಗೆ ಹಾಕಿಸಿ ಶಿದ್ರಾಮಪ್ಪನವರು ಅವನ್ನು ಸಾಕಿದರು. ಆಗಿನ್ನೂ ಅದಕ್ಕೆ ಕಾಯದೆಯ ಅಡ್ಡಿಯಿರಲಿಲ್ಲ. ಗೋದಾಮಿನ ಇಲಿಗಳೇ ಅವಕ್ಕೆ ಆಹಾರ. ಹೆಂಡತಿ ಹಾಲವ್ವ ಮಾತ್ರ ಆ ತೊಟ್ಟಿಯೊಳಗೆ ಹಣಿಕಿಯೂ ನೋಡುತ್ತಿರಲಿಲ್ಲ.

ಈ ಹಾವು ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಕೆಲವು ವರ್ಷಗಳ ಮೇಲೆ ಹುಟ್ಟಿದ ಕೆಂಗಂದು ಮರಿಗಳ ನಡುವೆ ಒಂದು ಮಾತ್ರ ಹಾಲಿನ ಕೆನೆಯ ಬಣ್ಣದ್ದು, ಗುಲಾಬಿ ಕಣ್ಣಿನದು. ಮುಧೋಳ, ಜಮಖಂಡಿ, ಬೀಳಗಿಗಳಿಂದ ಜನ ಬಂದರು. ದೂರದ ನಗರದ ಪ್ರಾಣಿಸಂಗ್ರಹಾಲಯದ ಅಧಿಕಾರಿಯೊಬ್ಬರೂ ಬಂದು, "ಇದು ಹೊಸ ಬಣ್ಣ ಅಂತ ನೀವೊಂದು ಮಾತು ಹೇಳಿ, ನಿಮ್ಮ ಹೆಸರಿನಲ್ಲೇ ಪ್ರಕಟಿಸೋಣ" ಎಂದರು.

"ಇದೊಂದ ಬೆಳ್ಳಗ ಹುಟ್ಟೇತಿ ಅಂದ್ರ ಅದು ಸುದ್ದಿ ಅಷ್ಟ ರೀ. ಇದರ ಹೊಟ್ಟ್ಯಾಗ ಮತ್ತೊಂದು ಬೆಳ್ಳಂದು ಹುಟ್ಟಿದ್ರ ಬಣ್ಣ ಅನ್ನೂಣು" ಎಂದರು ಶಿದ್ರಾಮಪ್ಪ.

ಬೆಳೆದಂತೆ ಬಣ್ಣ ತಿರುಗುವುದು ಈ ಹಾವಿನ ಸ್ವಭಾವ. ಆದ್ದರಿಂದ ಬಿಳಿಯ ಮರಿ ಪೊರೆ ಬಿಟ್ಟಾಗಲೆಲ್ಲ ಅದನ್ನು ಬಿಸಿಲಿಗೆ ಹಿಡಿದು, ಎಲ್ಲಿಯಾದರೂ ಕಂದು ಇಣುಕಿದೆಯೋ ಎಂದು ಅವರು ಹುಡುಕುತ್ತಿದ್ದರು. ಒಂದು ಚಳಿಗಾಲದಲ್ಲಿ ಅದು ಆಹಾರ ಬಿಟ್ಟಿತು. ಗಂಡ ಊಟದ ಮುಂದೆ ಉಣ್ಣದೆ ಕೂತದ್ದನ್ನು ಕಂಡ ಹಾಲವ್ವ ತನ್ನ ಹೊಸ ಕೌದಿಯನ್ನು ತಂದಿಟ್ಟು, "ನಾ ಏನ್ ಅದನ್ನ ನೋಡಾಕ ಬರೂದಿಲ್ಲ. ಥಂಡಿ ಹತ್ತಿರಬೇಕು, ತೊಟ್ಟಿಗೆ ಸುತ್ತ್ರಿ" ಎಂದಳು. ಮರಿ ಬದುಕಿತು.

ಬಿಳುಪು ರಕ್ತದಲ್ಲಿಯೇ ಇದ್ದರೆ ತಂದೆಯಲ್ಲೂ ಅಡಗಿರಲೇಬೇಕೆಂದು ಯೋಚಿಸಿ, ಬೆಳೆದು ಹೆಣ್ಣಾದ ಅದನ್ನು ತಂದೆಯೊಡನೆಯೇ ಕೂಡಿಸಿದರು. ಮೊದಲ ಸಲ ಹುಟ್ಟಿದವೆಲ್ಲ ಕೆಂಗಂದು. ಆ ಅಧಿಕಾರಿ ಮತ್ತೆ ಬರುವವರಿದ್ದರು. ಲೋಕಾಪುರದ ನೂಲಿನ ವ್ಯಾಪಾರಿ, ಹಳೆಯ ಗೆಳೆಯ ಶಂಕರೆಪ್ಪ ದನಿ ತಗ್ಗಿಸಿ ಹೇಳಿದ: "ಒಂದು ಬೆಳ್ಳಂದು ಹುಟ್ಟಿ ಸತ್ತಿತು ಅಂದಬಿಡ್ರಿ ಸಾವಕಾರ್ರ. ಯಾರ ನೋಡ್ಯಾರ?"

"ನಾ ನೋಡೇನಲ್ಲೋ."

ಅಧಿಕಾರಿ ಬಂದಾಗ, ತಮ್ಮ ಊಹೆ ತಪ್ಪಿರಬಹುದೆಂದು ಶಿದ್ರಾಮಪ್ಪನವರು ಎಲ್ಲರೆದುರಿಗೇ ಹೇಳಿದರು. ಜನ ನಕ್ಕರು, ಅಧಿಕಾರಿ ಬೇಸರದಿಂದ ಹಿಂದಿರುಗಿದರು. ಕೆಲವು ದಿನ ಶಿದ್ರಾಮಪ್ಪನವರ ನಡಿಗೆ ಇನ್ನಷ್ಟು ನಿಧಾನವಾಗಿತ್ತು, ಆದರೆ ತೊಟ್ಟಿಯ ಮರಳು ಬದಲಿಸುವುದು ಒಂದು ದಿನವೂ ತಪ್ಪಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಒಂದು ಮುಂಜಾನೆ, ಕಾರಖಾನೆಯ ಗದ್ದಲದ ನಡುವೆ ಹಾಲವ್ವ ಸೆರಗು ಬಿಗಿಹಿಡಿದು ಬಂದು ನಿಂತಳು. ಹಾವುಗಳಿಗೆ ನೀರು ಇಡಲು ಗಂಡನಿಗೆ ಪುರುಸೊತ್ತಿಲ್ಲವೆಂದು ತಾನೇ ತಂಬಿಗೆ ಹಿಡಿದು ತೊಟ್ಟಿಯ ಬಳಿ ಹೋಗಿದ್ದಳು.

"ಕೇಳ್ರಿಲ್ಲೆ. ಮರಿ ಹಾಕೇತಿ. ಬೆಳ್ಳನ್ನವು ಎರಡ ಅದಾವು."

"ನೀ ನೋಡಿದೇನು?"

"ಬಗ್ಗಿ ನೋಡೇನಿ."

ಶಿದ್ರಾಮಪ್ಪನವರು ಕೈಯಲ್ಲಿದ್ದ ನೂಲಿನ ಲಡಿಯನ್ನು ಪೂರ್ತಿ ಹಿಂಡಿಯೇ ಕೆಳಗಿಟ್ಟರು. ಹೋಗಿ ನೋಡಿ, ತೊಟ್ಟಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತರು. ಆದರೂ ಮರಿಗಳು ದೊಡ್ಡವಾಗಿ, ಬಿಳುಪು ಕದಲದೆ ನಿಂತ ಮೇಲೆಯೇ ಅವರು ಆ ಅಧಿಕಾರಿಗೆ ಹೇಳಿಕಳಿಸಿದ್ದು. ಬಂದವರು ಪರೀಕ್ಷಿಸಿ ಒಪ್ಪಿ, "ಇದನ್ನು ಮೊದಲು ಕಂಡವರು ಅಂತ ನಿಮ್ಮ ಹೆಸರೇ ಹಾಕಲೇ?" ಎಂದು ಕೇಳಿದರು.

"ಮೊದಲನೇದು ಸುದ್ದಿ ಇತ್ತು, ಅದನ್ನ ಊರೆಲ್ಲಾ ಕಂಡಿತ್ತು. ಬಣ್ಣ ಮೊದಲ ಕಂಡಾಕಿ ಈಕಿ. ಹಾಲವ್ವ ಅಂತ ಬರ್ಕೊಳ್ರಿ."

ತಾವು ಕಂಡದ್ದನ್ನು ಪ್ರೀತಿಸುವವರು ಲೋಕದಲ್ಲಿ ಬಹಳ ಮಂದಿ. ಪ್ರೀತಿಸಿದ್ದನ್ನೇ ಪರೀಕ್ಷೆಗೆ ಒಡ್ಡಿ, ಅದು ಸೋತರೆ ಸೋತಿತೆಂದು ನಾಲ್ಕು ಜನರ ಮುಂದೆ ಹೇಳಲು ಸಿದ್ಧರಾಗಿ ವರ್ಷಗಟ್ಟಲೆ ಕಾಯುವವರು ವಿರಳ. ನೆರೆಹೊರೆಗೆ ಅವರು ಹಟಮಾರಿಗಳು, ವ್ಯವಹಾರಸ್ಥರಿಗೆ ದಡ್ಡರು. ಆದರೆ ಅಂಥವರ ಬಾಯಿಂದ ಎಂದೋ ಒಮ್ಮೆ "ಹೌದು" ಎಂಬ ಮಾತು ಬಂದಾಗ, ಉಳಿದವರು ಮತ್ತೆ ಹೋಗಿ ನೋಡಬೇಕಾದ ಅಗತ್ಯವಿರುವುದಿಲ್ಲ.